ನಮ್ಮ ಮೇಷ್ಟ್ರುಗಳ ಯೋಗಕ್ಷೇಮದ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಮೊದಲು ಹಿಂಜರಿದೆ. ಶಾಲೆಗೆ ಜಾಗ ಕೊಟ್ಟವರು ಯಾರು, ಕಟ್ಟಡಕ್ಕೆ ಕಲ್ಲು ಹೊತ್ತವರು ಯಾರು, ಮೊದಲನೇ ತಂಡ ಎಸ್ಸೆಸ್ಸೆಲ್ಸಿ ಕಟ್ಟಿದ್ದು ಯಾವಾಗ ಎಂಬುದನ್ನೆಲ್ಲ ನನಗಿಂತ ಹಿರಿಯರು ಚೆನ್ನಾಗಿ ಬಲ್ಲರು, ಅವರೇ ಬರೆಯುತ್ತಿದ್ದಾರೆ. ನನ್ನ ಬಳಿ ಇದ್ದದ್ದು ಒಂದು ಹಳೆಯ ಪ್ರಶ್ನೆ ಮಾತ್ರ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

2003ರ ಡಿಸೆಂಬರ್‌ನಲ್ಲಿ, ನಾವು ಹತ್ತನೇ ತರಗತಿಯಲ್ಲಿದ್ದಾಗ, ನಮ್ಮ ಗಣಿತದ ಮೇಷ್ಟ್ರು ವರ್ಷದ ನಡುವೆಯೇ ವರ್ಗವಾಗಿ ಹೊರಟುಹೋದರು. ವೃತ್ತಕ್ಕೆ ಸ್ಪರ್ಶಕ ಎಳೆಯುವುದನ್ನು ಅರ್ಧಕ್ಕೆ ನಿಲ್ಲಿಸಿ ಹೋದರು. ಪರೀಕ್ಷೆಗೆ ಮೂರೇ ತಿಂಗಳಿತ್ತು. ಆ ಜಾಗಕ್ಕೆ ಯಾರೂ ಬರಲಿಲ್ಲ. ವಿಜ್ಞಾನದ ಮೇಡಂ ತಮ್ಮ ಪೀರಿಯಡ್ಡಿನಲ್ಲೇ ಸ್ವಲ್ಪ ಸ್ವಲ್ಪ ಗಣಿತ ಹೇಳಿಕೊಟ್ಟರು. ನಮ್ಮ ತರಗತಿಯಲ್ಲಿ ಕೆಲವರು ಗಣಿತದಲ್ಲಿ ನಪಾಸಾದರು. ಅವರಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬ ಮತ್ತೆ ಪರೀಕ್ಷೆ ಕಟ್ಟಲೇ ಇಲ್ಲ. ನಾವೆಲ್ಲ ಆ ಮೇಷ್ಟ್ರಿಗೆ ಇಟ್ಟ ಹೆಸರು ‘ಓಡಿಹೋದ ಮೇಷ್ಟ್ರು’. ಹಳ್ಳಿ ಅಂದರೆ ಅವರಿಗೆ ಅಸಡ್ಡೆ, ಪೇಟೆಯ ಆಸೆಗೆ ಹೋದರು ಎಂದೇ ಊರಿನಲ್ಲಿ ಮಾತಾಯಿತು. ನಾನೂ ಹಾಗೇ ನಂಬಿದ್ದೆ.

ಈ ಸಂಚಿಕೆಗಾಗಿ ಹಳೆಯ ಮೇಷ್ಟ್ರುಗಳ ಫೋನ್ ನಂಬರ್ ಹುಡುಕುವ ಕೆಲಸ ನನಗೆ ಬಂತು. ಅವರಿಗೂ ಫೋನ್ ಮಾಡಿದೆ. ಆ ಮಾತುಕತೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಅದಾದ ಮೇಲೆ ನನಗೆ ಒಂದು ವಿಷಯ ತಿಳಿಯಬೇಕೆನಿಸಿತು. ಸರ್ಕಾರಿ ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಲ್ಲುವವರ ಸಂಬಳ, ವರ್ಗಾವಣೆ, ರಜೆ, ಕಾಯಿಲೆ, ಪಿಂಚಣಿ ಇವನ್ನೆಲ್ಲ ಸರ್ಕಾರ ಯಾವಾಗಿನಿಂದ, ಹೇಗೆ ನೋಡಿಕೊಂಡು ಬಂದಿದೆ? ಇದೂ ನಮ್ಮ ಶಾಲೆಯ ಇತಿಹಾಸವೇ. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ‘ಮಾನವ ಸಂಪನ್ಮೂಲ ವಿಭಾಗ’ ಎಂದು ದೊಡ್ಡ ಹೆಸರಿದೆ. ನಮ್ಮ ಶಾಲೆಯಲ್ಲಿ ಆ ವಿಭಾಗವೆಂದರೆ ಹೆಡ್‌ಮಾಸ್ಟರರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿದ್ದ ಸೇವಾ ಪುಸ್ತಕಗಳು.

ಮೊದಲು ಬಹಳ ಹಿಂದಕ್ಕೆ ಹೋಗಬೇಕು. ನಮ್ಮದು ಹಳೇ ಮೈಸೂರು ಸೀಮೆ. 1891ರಲ್ಲಿ, ಹತ್ತನೇ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಸ್ವಂತ ಜೀವ ವಿಮಾ ಇಲಾಖೆಯನ್ನು ಆರಂಭಿಸಿತು. ಇಂದು ನಾವು ಕೆಜಿಐಡಿ ಎಂದು ಕರೆಯುವ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದೇ. ಎಲ್‌ಐಸಿ ಹುಟ್ಟಿದ್ದು 1956ರಲ್ಲಿ. ಅಂದರೆ ಅದಕ್ಕಿಂತ 65 ವರ್ಷ ಮೊದಲೇ ಇಲ್ಲಿ ಈ ಏರ್ಪಾಡಿತ್ತು. ದುಡಿಯುವವನು ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ಬೀದಿಪಾಲಾಗಬಾರದು ಎಂಬುದು ಅದರ ಉದ್ದೇಶ. ಪ್ರತಿ ತಿಂಗಳು ಸಂಬಳದಲ್ಲೇ ಕಂತು ಮುರಿದುಕೊಳ್ಳುತ್ತಾರೆ, ನೌಕರ ಬೇಡವೆಂದರೂ ಬಿಡುವಂತಿಲ್ಲ. 1958ರ ಕಡ್ಡಾಯ ಜೀವ ವಿಮಾ ನಿಯಮಗಳು ಅದನ್ನು ಇಡೀ ರಾಜ್ಯದ ನೌಕರರ ಮಟ್ಟಿಗೆ ಗಟ್ಟಿ ಮಾಡಿದವು. ಕಡ್ಡಾಯ ಎನ್ನುವ ಪದ ನಮಗೆ ಹಿಡಿಸುವುದಿಲ್ಲ. ಆದರೆ ನಮ್ಮ ಮೇಷ್ಟ್ರುಗಳಲ್ಲಿ ಮಗಳ ಮದುವೆಗೋ ಮನೆಯ ಸೂರಿಗೋ ಕೆಜಿಐಡಿ ಸಾಲ ತೆಗೆಯದವರು ಕಡಿಮೆ. ಕೈಗೆ ಬಂದಿದ್ದರೆ ಖರ್ಚಾಗಿಬಿಡುತ್ತಿದ್ದ ಹಣ, ಕೈಗೆ ಬರದೇ ಇದ್ದುದರಿಂದ ಕಷ್ಟಕಾಲಕ್ಕೆ ಉಳಿಯಿತು.

ನೌಕರರ ಯೋಗಕ್ಷೇಮ ಎಂದರೆ ಕೆಲಸ ಸಿಕ್ಕ ಮೇಲಿನದು ಮಾತ್ರವಲ್ಲ. ಕೆಲಸ ಯಾರಿಗೆ ಸಿಗುತ್ತದೆ ಎನ್ನುವುದೂ ಸೇರುತ್ತದೆ. ಸಂಸ್ಥಾನದ ಕಚೇರಿಗಳಲ್ಲಿ ಒಂದೆರಡು ಸಮುದಾಯದವರೇ ತುಂಬಿದ್ದಾರೆ ಎಂಬ ದೂರನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಮಾರನೇ ವರ್ಷವೇ ವರದಿ ಬಂತು. ಅಲ್ಲಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದು, ದೇವರಾಜ ಅರಸು ಅವರ ಸರ್ಕಾರ 1972ರಲ್ಲಿ ಎಲ್.ಜಿ. ಹಾವನೂರು ಅವರ ಆಯೋಗ ರಚಿಸಿತು. ಹಾವನೂರು ವರದಿ ಬಂದದ್ದು 1975ರಲ್ಲಿ, ನಮ್ಮ ಶಾಲೆ ಆರಂಭವಾದ ಸುಮಾರಿಗೆ. ಇದು ಬರೀ ಕಾಕತಾಳೀಯ ಇರಬಹುದು. ಆದರೆ ನಮಗೆ ಪಾಠ ಹೇಳಿದವರಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಮೊದಲ ಸರ್ಕಾರಿ ಸಂಬಳ ತೆಗೆದುಕೊಂಡವರು. ಕುರಿ ಕಾಯ್ದವರ, ಬಟ್ಟೆ ನೇಯ್ದವರ, ಕೂಲಿ ಮಾಡಿದವರ ಮಕ್ಕಳು ಮೇಷ್ಟ್ರಾಗಿ ಬಂದು ಎದುರಿಗೆ ನಿಂತಾಗ, ಅಂಥದೇ ಮನೆಗಳಿಂದ ಬಂದ ನಮಗೆ ಯಾವ ಪಾಠಕ್ಕಿಂತ ದೊಡ್ಡ ಪಾಠವಾಯಿತು.

ನಡುವೆ 1956ರ ನವೆಂಬರ್ 1 ಬಂತು. ಹಳೇ ಮೈಸೂರಿನ ಜೊತೆಗೆ ಮುಂಬೈ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಪ್ರದೇಶಗಳೂ ಕೊಡಗೂ ಸೇರಿ ಒಂದೇ ರಾಜ್ಯವಾಯಿತು. ನಾವು ಶಾಲೆಯಲ್ಲಿ ಏಕೀಕರಣವೆಂದರೆ ನಕ್ಷೆಗಳು ಸೇರಿದ್ದು ಎಂದು ಓದಿದೆವು. ನಕ್ಷೆಗಳ ಜೊತೆ ಐದು ಆಡಳಿತಗಳ ಗುಮಾಸ್ತರು, ಪೇದೆಗಳು, ಮೇಷ್ಟ್ರುಗಳೂ ಸೇರಿದರು. ಒಂದೇ ಕೆಲಸಕ್ಕೆ ಒಂದೊಂದು ಕಡೆ ಒಂದೊಂದು ಸಂಬಳ, ಒಂದೊಂದು ರಜೆ ನಿಯಮ, ಒಂದೊಂದು ಬಡ್ತಿ ಪದ್ಧತಿ ಇತ್ತು. ಹೊಸ ರಾಜ್ಯಕ್ಕೆ ಬಂದ ನೌಕರನ ಸೇವಾ ಷರತ್ತುಗಳನ್ನು ಕೇಂದ್ರ ಸರ್ಕಾರದ ಮುಂಚಿತ ಒಪ್ಪಿಗೆ ಇಲ್ಲದೆ ಅವನಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದು ರಾಜ್ಯಗಳ ಪುನರ್ವಿಂಗಡಣೆ ಕಾಯ್ದೆಯ 115ನೇ ಸೆಕ್ಷನ್ ರಕ್ಷಣೆ ಕೊಟ್ಟಿತು. ಆದರೂ ಯಾರು ಹಿರಿಯರು ಯಾರು ಕಿರಿಯರು ಎಂಬ ಜ್ಯೇಷ್ಠತೆಯ ತಕರಾರು ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲೇರಿತು. 1958ರಲ್ಲಿ ಎಲ್ಲರಿಗೂ ಒಂದೇ ಸೇವಾ ನಿಯಮಾವಳಿ ಬಂತು. ನ್ಯಾಯಮೂರ್ತಿ ಟಿ.ಕೆ. ತುಕೋಳ್ ಅವರ ವೇತನ ಆಯೋಗ 1960ರ ದಶಕದ ಕೊನೆಯಲ್ಲಿ ಸಂಬಳದ ಶ್ರೇಣಿಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಅಲ್ಲಿಂದ ಹೊರಟ ಸಾಲು ಈಚೆಗೆ ಕೆ. ಸುಧಾಕರ ರಾವ್ ಅವರ ಏಳನೇ ವೇತನ ಆಯೋಗಕ್ಕೆ ಬಂದು ನಿಂತಿದೆ. ಅದರ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಯಾಗಿ, ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು.

ಸಂಬಳ ಎಷ್ಟು ಎನ್ನುವುದು ಒಂದು ಮಾತು. ಅದು ಕೈಗೆ ಯಾವಾಗ ಬರುತ್ತದೆ ಎನ್ನುವುದು ಇನ್ನೊಂದು ಮಾತು. ಶಾಲೆಯ ಆರಂಭದ ವರ್ಷಗಳನ್ನು ಕಂಡ ನಿವೃತ್ತ ಗುಮಾಸ್ತರೊಬ್ಬರು ಸಂಬಳದ ದಿನವನ್ನು ನನಗೆ ಬಣ್ಣಿಸಿದರು. ಬಿಲ್ಲನ್ನು ಕೈಯಲ್ಲೇ ಬರೆಯಬೇಕು. ಹೆಡ್‌ಮಾಸ್ಟರ್ ಸಹಿ ಹಾಕಿದ ಮೇಲೆ ಅದನ್ನು ತಾಲ್ಲೂಕಿನ ಉಪ ಖಜಾನೆಗೆ ಒಯ್ಯಬೇಕು. ಒಂದು ಮೊತ್ತ ತಪ್ಪಿದ್ದರೆ ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಾರೆ, ಮತ್ತೆ ಬಸ್ ಹತ್ತಬೇಕು. ಬಿಲ್ಲು ಪಾಸಾದರೆ ಬ್ಯಾಂಕಿನಲ್ಲಿ ನಗದು ಪಡೆದು, ಬಟ್ಟೆಯ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರಬೇಕು. ‘ಆ ದಿನ ಬಸ್ಸಲ್ಲಿ ನಿದ್ದೆ ಮಾಡೋ ಹಾಗಿಲ್ಲಪ್ಪ, ಯಾರಾದ್ರೂ ಮಾತಾಡಿಸಿದ್ರೂ ಭಯ’ ಎಂದರು ಅವರು. ಸಂಜೆ ಬಟವಾಡೆ ಪಟ್ಟಿಯಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಒಬ್ಬೊಬ್ಬರೇ ಸಂಬಳ ತೆಗೆದುಕೊಳ್ಳುತ್ತಿದ್ದರು. ತಡವಾದ ತಿಂಗಳು ಮೇಷ್ಟ್ರುಗಳು ಊರಿನ ಶೆಟ್ಟರ ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದರು. ಆ ಅಂಗಡಿಯ ಲೆಕ್ಕದ ಪುಸ್ತಕವೂ ನಮ್ಮ ಶಾಲೆಯ ಇತಿಹಾಸದ ದಾಖಲೆಯೇ ಸರಿ.

2000ದ ನಂತರ ಖಜಾನೆಗಳಿಗೆ ಕಂಪ್ಯೂಟರ್ ಬಂತು. ಅದಾದ ಮೇಲೆ ಎಚ್‌ಆರ್‌ಎಂಎಸ್ ಎಂಬ ತಂತ್ರಾಂಶದಲ್ಲಿ ರಾಜ್ಯದ ನೌಕರರ ಸಂಬಳದ ಬಿಲ್ಲು ತಯಾರಾಗತೊಡಗಿತು. ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ನನ್ನ ಕಸುಬಿನವರು ಕೂತು ಬರೆದ ಇಂಥ ಪ್ರೋಗ್ರಾಮುಗಳ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚೀಲ ಹಿಡಿದ ಗುಮಾಸ್ತರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಹೆರಿಗೆ ಎಂದು ಗೊತ್ತಿರುತ್ತಿತ್ತು. ತಂತ್ರಾಂಶಕ್ಕೆ ಗೊತ್ತಿರುವುದು ನೌಕರರ ಸಂಖ್ಯೆ ಮಾತ್ರ. ಅದರಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ತಿದ್ದಿಸಲು ಈಗಲೂ ಮೇಷ್ಟ್ರು ತಾಲ್ಲೂಕಿಗೆ ಅಲೆಯಬೇಕು.

ಇನ್ನು ನೇಮಕದ ವಿಷಯ. 1990ರ ದಶಕದವರೆಗೆ ಮೇಷ್ಟ್ರ ಕೆಲಸ ಸಿಗಬೇಕಾದರೆ ಯಾರನ್ನು ಹಿಡಿಯಬೇಕು, ಎಷ್ಟು ಕೊಡಬೇಕು ಎಂಬ ಮಾತು ಹಳ್ಳಿಯ ಕಟ್ಟೆಯ ಮೇಲೆ ಸಾಮಾನ್ಯವಾಗಿತ್ತು. 1994ರಿಂದ 1999ರವರೆಗಿನ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಸಚಿವರಾಗಿದ್ದ ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು ಅಂಕಗಳ ಆಧಾರದ ಮೇಲೆ, ಪಾರದರ್ಶಕವಾಗಿ ಶಿಕ್ಷಕರ ನೇಮಕ ನಡೆಸಿದರು. ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ ಎಂದೇ ಜನ ಇಂದಿಗೂ ಅದನ್ನು ನೆನೆಯುತ್ತಾರೆ. ಗೌಡರು 2016ರಲ್ಲಿ ತೀರಿಕೊಂಡಾಗ ಎಷ್ಟೋ ಶಿಕ್ಷಕರು ತಮ್ಮ ಮನೆಯ ಹಿರಿಯರು ಹೋದಂತೆ ದುಃಖಪಟ್ಟರು. ನಮಗೆ ಕನ್ನಡ ಹೇಳಿಕೊಟ್ಟ ಮೇಡಂ ಒಮ್ಮೆ ತರಗತಿಯಲ್ಲಿ, ‘ನಮ್ಮಪ್ಪ ಒಂದು ರೂಪಾಯಿ ಸಾಲ ಮಾಡದೇ ನನಗೆ ಈ ಕೆಲಸ ಸಿಕ್ತು’ ಎಂದಿದ್ದರು. ಆಗ ನಮಗೆ ಅದರ ಅರ್ಥ ತಿಳಿಯಲಿಲ್ಲ. ಸಾಲ ಮಾಡಿ ಕೆಲಸಕ್ಕೆ ಸೇರಿದವರು ಆ ಸಾಲ ತೀರಿಸುವ ಯೋಚನೆಯಲ್ಲೇ ವರ್ಷಗಳನ್ನು ಕಳೆಯುತ್ತಾರೆ. ಸಾಲವಿಲ್ಲದೆ ಸೇರಿದವರು ಪಾಠದ ಬಗ್ಗೆ ಯೋಚಿಸಬಹುದು. ಪ್ರಾಮಾಣಿಕ ನೇಮಕ ಎನ್ನುವುದು ನೌಕರರ ಕ್ಷೇಮದ ಮೊದಲನೇ ಮೆಟ್ಟಿಲು ಎಂದು ನನಗೆ ಈಗ ಅನ್ನಿಸುತ್ತದೆ.

ಈಗ ವರ್ಗಾವಣೆಗೆ ಬರುತ್ತೇನೆ, ನನ್ನ ಪ್ರಶ್ನೆ ಇರುವುದೇ ಇಲ್ಲಿ. ಮೇಷ್ಟ್ರುಗಳ ಮಟ್ಟಿಗೆ ಸಂಬಳಕ್ಕಿಂತ ದೊಡ್ಡ ಚಿಂತೆ ವರ್ಗಾವಣೆ. ಗಂಡ ಒಂದು ಜಿಲ್ಲೆ, ಹೆಂಡತಿ ಇನ್ನೊಂದು ಜಿಲ್ಲೆ. ವಯಸ್ಸಾದ ತಂದೆತಾಯಿ ಮೂರನೇ ಕಡೆ. ಯಾರಿಗೆ ಯಾವಾಗ ಎಲ್ಲಿಗೆ ವರ್ಗ ಎಂಬುದು ಶಿಫಾರಸು ಪತ್ರದ ಮೇಲೆ ನಿಂತಿದ್ದರೆ, ಶಿಫಾರಸು ಇಲ್ಲದವರು ಕಾಯುತ್ತಲೇ ಇರಬೇಕು. ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು ಕರ್ನಾಟಕ 2007ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಕೌನ್ಸೆಲಿಂಗ್ ಪದ್ಧತಿಗೆ ಕಾಯ್ದೆಯ ಬಲ ಬಂತು. ಖಾಲಿ ಜಾಗಗಳ ಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು. ಶಿಕ್ಷಕರನ್ನು ಸರದಿಯ ಪ್ರಕಾರ ಕರೆಯಬೇಕು. ಅವರು ಎಲ್ಲರ ಎದುರಿಗೆ ತಮಗೆ ಬೇಕಾದ ಜಾಗ ಆರಿಸಿಕೊಳ್ಳಬೇಕು. ಊರಿನ ಸ್ವರೂಪ ನೋಡಿ ಎ, ಬಿ, ಸಿ ಎಂದು ವಲಯ ಮಾಡಿದರು. ನಗರಗಳು ಎ, ನಮ್ಮಂಥ ಹಳ್ಳಿಗಳು ಸಿ. ಗಂಭೀರ ಕಾಯಿಲೆ ಇರುವವರು, ಅಂಗವಿಕಲರು, ವಿಧವೆಯರು, ಪತಿ ಪತ್ನಿ ಇಬ್ಬರೂ ನೌಕರರಾಗಿ ಬೇರೆ ಬೇರೆ ಕಡೆ ಇರುವವರು ಇಂಥವರಿಗೆ ಆದ್ಯತೆ ಸಿಕ್ಕಿತು. ಈಗ ಶಿಕ್ಷಕರ ಸೇವಾ ವಿವರಗಳೆಲ್ಲ ಇಇಡಿಎಸ್ ಎಂಬ ತಂತ್ರಾಂಶದಲ್ಲಿವೆ, ಅರ್ಜಿಯನ್ನೂ ಅಲ್ಲೇ ಹಾಕುತ್ತಾರೆ.

ಸರದಿ ಜೋಡಿಸುವುದು ನಮ್ಮ ಕಸುಬಿನಲ್ಲಿ ಬಹಳ ಸುಲಭದ ಕೆಲಸ. ಕಾಲೇಜಿನ ಎರಡನೇ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಸರದಿಯಲ್ಲಿ ಯಾರು ಮುಂದೆ ನಿಲ್ಲಬೇಕು ಎನ್ನುವುದನ್ನು ಯಾವ ಪ್ರೋಗ್ರಾಮೂ ಹೇಳಲಾರದು. ಅದನ್ನು ಮನುಷ್ಯರೇ ಕೂತು, ವಾದ ಮಾಡಿ, ಕಾಯ್ದೆಯಾಗಿ ಬರೆಯಬೇಕು. ಹಾಗೆ ಬರೆದದ್ದೂ ತಪ್ಪಬಹುದು. ನಗರಗಳಲ್ಲಿ ಹಲವು ವರ್ಷ ಇದ್ದವರನ್ನು ಹಳ್ಳಿಗಳಿಗೆ ಕಳಿಸುವ ಕಡ್ಡಾಯ ವರ್ಗಾವಣೆ 2019ರಲ್ಲಿ ನಡೆದಾಗ, ಹಳ್ಳಿಗಳಿಗೆ ಮೇಷ್ಟ್ರು ಬೇಕೆಂಬ ಉದ್ದೇಶ ಸರಿಯೇ ಇತ್ತು. ಆದರೆ ನಿವೃತ್ತಿ ಹತ್ತಿರವಾದ ಶಿಕ್ಷಕಿಯರು, ಚಿಕ್ಕ ಮಕ್ಕಳಿರುವ ತಾಯಂದಿರು ದೂರದ ತಾಲ್ಲೂಕುಗಳಿಗೆ ಹೋಗಬೇಕಾಗಿ ಬಂದು ದೊಡ್ಡ ಅಸಮಾಧಾನವಾಯಿತು. 2020ರಲ್ಲಿ ಹೊಸ ಕಾಯ್ದೆ ಬಂತು. ಹಳ್ಳಿಯ ಮಗುವಿಗೆ ಮೇಷ್ಟ್ರು ಬೇಕು, ಮೇಷ್ಟ್ರಿಗೆ ತನ್ನ ಮಗುವಿನ ಹತ್ತಿರ ಇರಬೇಕು. ಎರಡೂ ನ್ಯಾಯವೇ. ಈ ಎರಡರ ನಡುವೆ ದಾರಿ ಹುಡುಕುವುದೇ ವರ್ಗಾವಣೆಯ ಕಾಯ್ದೆ, ಅದು ಇನ್ನೂ ಮುಗಿದಿಲ್ಲ.

ಶಾಲೆಯಲ್ಲಿ ಈಗ ಶಿಕ್ಷಕಿಯರ ಸಂಖ್ಯೆ ಹೆಚ್ಚು. ನಾವು ಓದುವಾಗ ಇದ್ದ ಇಬ್ಬರು ಮೇಡಂಗಳಿಗೆ ಪ್ರತ್ಯೇಕ ಶೌಚಾಲಯ ಇರಲಿಲ್ಲ. ಅವರು ಹತ್ತಿರದ ಮನೆಯೊಂದಕ್ಕೆ ಹೋಗಿ ಬರುತ್ತಿದ್ದರು ಎಂಬುದು ನಮಗೆ ಗೊತ್ತಿದ್ದೂ ಅದರ ಕಷ್ಟ ಗೊತ್ತಿರಲಿಲ್ಲ. ಇಂದು ರಾಜ್ಯದ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ 180 ದಿನ ಹೆರಿಗೆ ರಜೆಯಿದೆ. ಇದಲ್ಲದೆ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಸೇವೆಯಲ್ಲಿರುವಾಗ ನೌಕರರು ತೀರಿಕೊಂಡರೆ ಕುಟುಂಬದ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವ ನಿಯಮ 1996ರಿಂದ ಇದ್ದರೂ, ಮದುವೆಯಾದ ಮಗಳು ಅದರಿಂದ ಹೊರಗಿದ್ದಳು. ಮದುವೆಯಾದ ಮಗನಿಗೆ ಆ ಅಡ್ಡಿ ಇರಲಿಲ್ಲ. ಇದು ತಾರತಮ್ಯ ಎಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು, 2021ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಮನೆಯ ಮಗಳನ್ನು ಮನೆಯವಳೆಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ ಕಾಲು ಶತಮಾನ ಬೇಕಾಯಿತು.

ಕಾಯಿಲೆ ಮತ್ತು ಮುಪ್ಪು ಎರಡರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಿಂದೆ ನೌಕರರು ಆಸ್ಪತ್ರೆಯ ಬಿಲ್ಲನ್ನು ಮೊದಲು ಸಾಲ ಮಾಡಿ ಕಟ್ಟಿ, ಆಮೇಲೆ ಸರ್ಕಾರದಿಂದ ವಾಪಸ್ ಪಡೆಯಬೇಕಿತ್ತು. 2014-15ರಲ್ಲಿ ಆರಂಭವಾದ ಜ್ಯೋತಿ ಸಂಜೀವಿನಿ ಯೋಜನೆಯಲ್ಲಿ ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಾಂಗದ ಕಾಯಿಲೆ, ಸುಟ್ಟ ಗಾಯ, ಅಪಘಾತ, ಎಳೆ ಮಕ್ಕಳ ಶಸ್ತ್ರಚಿಕಿತ್ಸೆ ಹೀಗೆ ಏಳು ಬಗೆಯ ದೊಡ್ಡ ಚಿಕಿತ್ಸೆಗಳಿಗೆ ಮುಂಗಡ ಹಣ ಕಟ್ಟಬೇಕಿಲ್ಲ ಎಂದಾಯಿತು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳು ವಿದ್ಯಾಗಮ ಯೋಜನೆಯಡಿ ಊರಿನ ಅರಳಿಕಟ್ಟೆ, ಗುಡಿಯ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದನ್ನು ನಮ್ಮೂರಿನವರು ನೋಡಿದ್ದಾರೆ. ಶಿಕ್ಷಕರಿಗೇ ಸೋಂಕು ತಗುಲಿದ ಸುದ್ದಿಗಳು ಬಂದ ಮೇಲೆ 2020ರ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಪಾಠ ಹೇಳುವುದರಲ್ಲೂ ಪ್ರಾಣದ ಅಪಾಯ ಇರಬಹುದು ಎಂದು ಆಗ ತಿಳಿಯಿತು.

ಪಿಂಚಣಿಯ ವಿಷಯದಲ್ಲಿ 2006ರ ಏಪ್ರಿಲ್ 1 ಒಂದು ಗೆರೆ. ಅದಕ್ಕೆ ಮುಂಚೆ ಸೇರಿದವರಿಗೆ ನಿಶ್ಚಿತ ಪಿಂಚಣಿ. ಆಮೇಲೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಪ್ರತಿ ತಿಂಗಳು ವೇತನದ ಶೇ. 10 ಕಟ್ಟುತ್ತಾರೆ, ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಕೊನೆಗೆ ಎಷ್ಟು ಬರುತ್ತದೆ ಎಂಬುದು ಮಾರುಕಟ್ಟೆಯ ಏರಿಳಿತದ ಮೇಲೆ ನಿಂತಿದೆ. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಬೆಂಚಿನ ಮೇಲೆ, ಈ ಗೆರೆಯ ಆ ಕಡೆಯವರೂ ಈ ಕಡೆಯವರೂ ಕೂರುತ್ತಾರೆ. ಗೆರೆಗೆ ಮುಂಚೆ ನೇಮಕದ ಅಧಿಸೂಚನೆಯಾಗಿ, ತಡವಾಗಿ ಕೆಲಸಕ್ಕೆ ಸೇರಿದ್ದ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಪಿಂಚಣಿಯನ್ನು ಕೊಡಲಾಯಿತು. ಉಳಿದವರ ಬೇಡಿಕೆ ಹಾಗೇ ಇದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಖಾಯಂ ನೌಕರರ ಕಥೆ. ಬೀರುವಿನಲ್ಲಿ ಸೇವಾ ಪುಸ್ತಕ ಇರುವವರ ಕಥೆ. ಆದರೆ ಇಂದು ನಮ್ಮ ಶಾಲೆಯ ವೇಳಾಪಟ್ಟಿಯನ್ನು ನೋಡಿದರೆ ಕೆಲವು ವಿಷಯಗಳ ಎದುರಿಗೆ ಅತಿಥಿ ಶಿಕ್ಷಕರ ಹೆಸರಿದೆ. ಅತಿಥಿ ಎಂದರೆ ನಮ್ಮಲ್ಲಿ ಮೊದಲು ಎಲೆ ಹಾಕಿ ಊಟ ಬಡಿಸಬೇಕಾದವರು. ಈ ಅತಿಥಿಗಳಿಗೆ ಸಿಗುವುದು ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸಿನ ಗೌರವಧನ. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ, ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ. ಅವರಿಗೆ ಕೆಜಿಐಡಿ ಇಲ್ಲ, ಜ್ಯೋತಿ ಸಂಜೀವಿನಿ ಇಲ್ಲ, ಪಿಂಚಣಿಯಂತೂ ಇಲ್ಲ. ಖಾಯಂ ಶಿಕ್ಷಕರು ವರ್ಗವಾಗಿ ಬಂದರೆ ಅತಿಥಿ ಜಾಗ ಬಿಡಬೇಕು. ಬಿಸಿಯೂಟ ಮಾಡುವ ನಮ್ಮೂರಿನ ಅಕ್ಕಂದಿರೂ ಗೌರವಧನದ ಲೆಕ್ಕದಲ್ಲೇ ಇದ್ದಾರೆ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ ನಮ್ಮ ಕಾಲದ ಹೈಸ್ಕೂಲಿಗೆ ಬಂದಿರಲಿಲ್ಲ, ನಾವು ಬುತ್ತಿ ಕಟ್ಟಿಕೊಂಡು ಬರುತ್ತಿದ್ದೆವು. ಈಗಿನ ಮಕ್ಕಳು ಬಿಸಿ ಊಟ ಉಣ್ಣುತ್ತಾರೆ. ಅದನ್ನು ಬೇಯಿಸುವ ಕೈಗೆ ಸುಟ್ಟ ಗಾಯವಾದರೆ ಔಷಧಿಗೆ ಯಾರ ಕಡೆ ನೋಡಬೇಕು ಎನ್ನುವುದನ್ನೂ ನಾವು ಕೇಳಿಕೊಳ್ಳಬೇಕು. 1891ರಲ್ಲಿ ಸಂಸ್ಥಾನ ಕೇಳಿಕೊಂಡ ಪ್ರಶ್ನೆಯೇ ಇದು. ದುಡಿಯುವವರಿಗೆ ಏನಾದರೂ ಆದರೆ ಅವರ ಮನೆಯವರ ಗತಿ ಏನು?

ಮೇಷ್ಟ್ರುಗಳ ಸಮಯವೂ ಅವರ ಕ್ಷೇಮದ ಭಾಗವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. ಆದರೂ ನಮ್ಮ ಮೇಷ್ಟ್ರುಗಳ ಮೊಬೈಲಿನಲ್ಲಿ ಎಷ್ಟು ಆ್ಯಪ್‌ಗಳಿವೆ, ದಿನಕ್ಕೆ ಎಷ್ಟು ಫೋಟೊ, ಎಷ್ಟು ಅಂಕಿಅಂಶ ಕಳಿಸಬೇಕು ಎಂದು ಅವರನ್ನೇ ಕೇಳಿ ನೋಡಿ. ಇದರಲ್ಲಿ ನನ್ನ ಕಸುಬಿನವರ ಪಾಲೂ ಇದೆ. ಒಂದು ಫಾರಂ ಮಾಡುವುದು ನಮಗೆ ಅರ್ಧ ಗಂಟೆಯ ಕೆಲಸ. ಅದನ್ನು ತುಂಬಲು ರಾಜ್ಯದ ಅಷ್ಟೂ ಮೇಷ್ಟ್ರುಗಳ ಪಾಠದ ಹೊತ್ತು ಎಷ್ಟು ಹೋಗುತ್ತದೆ ಎಂದು ನಾವು ಲೆಕ್ಕ ಹಾಕುವುದಿಲ್ಲ.

ಈಗ ಆ ಫೋನಿನ ಮಾತು. ಗಣಿತದ ಮೇಷ್ಟ್ರು ನಿವೃತ್ತರಾಗಿದ್ದಾರೆ. ನನ್ನ ಹೆಸರು ಹೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ನನ್ನ ಅಪ್ಪನ ಹೆಸರು ಹೇಳಿ, ‘ಅವರ ಮಗನಲ್ವೇನಪ್ಪಾ’ ಎಂದರು. ನಾನು ಧೈರ್ಯ ಮಾಡಿ ಕೇಳಿದೆ, ‘ಸಾರ್, ಆ ವರ್ಷ ಮಧ್ಯದಲ್ಲಿ ಯಾಕೆ ಹೋದಿರಿ?’

ಅವರ ಪತ್ನಿ ಆಗ ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಂತೆ. ಜೊತೆಯಲ್ಲಿ ಸಣ್ಣ ಮಗು, ಅದಕ್ಕೆ ಉಬ್ಬಸ. ಆರು ವರ್ಷ ಅರ್ಜಿ ಕೊಟ್ಟಿದ್ದರಂತೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ ಹತ್ತಿದರೆ ಮನೆ ಸೇರುವುದು ಭಾನುವಾರ ಬೆಳಿಗ್ಗೆ. ಅದೇ ಸಂಜೆ ಮತ್ತೆ ಬಸ್. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಅವರು ಕೆಂಪು ಕಣ್ಣಿನಲ್ಲಿ ನಿಂತಿರುತ್ತಿದ್ದುದು ನನಗೆ ನೆನಪಾಯಿತು. ನಾವು ಅದಕ್ಕೂ ಏನೇನೋ ಕಾರಣ ಕಟ್ಟಿ ನಗುತ್ತಿದ್ದೆವು. ಡಿಸೆಂಬರ್‌ನಲ್ಲಿ ಆದೇಶ ಬಂತು, ಕೂಡಲೇ ಹಾಜರಾಗದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು. ‘ಆ ಕಡೆ ನನ್ನ ಮಗು, ಈ ಕಡೆ ನೀವು. ನೀವು ಅಷ್ಟು ಜನ ಇದ್ರಿ, ಅದು ಒಂದೇ ಇತ್ತು’ ಎಂದರು. ಸ್ವಲ್ಪ ತಡೆದು, ‘ಆ ವರ್ಷ ನಿಮ್ಮ ರಿಸಲ್ಟ್ ಏನಾಯ್ತಪ್ಪಾ?’ ಎಂದು ಕೇಳಿದರು. ಇಪ್ಪತ್ತು ವರ್ಷದಿಂದ ಅವರ ಬಳಿಯೂ ಒಂದು ಪ್ರಶ್ನೆ ಇತ್ತು.

ನಾನು ಸುಳ್ಳು ಹೇಳಲಿಲ್ಲ. ಕೆಲವರು ಫೇಲಾದರು ಸಾರ್ ಎಂದೆ. ಯಾರು ಯಾರು ಎಂದು ಕೇಳಿದರು, ಹೇಳಿದೆ. ಮತ್ತೆ ಪರೀಕ್ಷೆ ಕಟ್ಟದ ಗೆಳೆಯನ ಹೆಸರು ಬಂದಾಗ, ‘ಅವನಿಗೆ ಬೀಜಗಣಿತ ಚೆನ್ನಾಗಿ ಬರ್ತಿತ್ತು’ ಎಂದು ಸುಮ್ಮನಾದರು.

ತಪ್ಪು ಮೇಷ್ಟ್ರದೂ ಅಲ್ಲ, ಗೆಳೆಯನದೂ ಅಲ್ಲ. ಆರು ವರ್ಷದ ಅರ್ಜಿಗೆ ಸಕಾಲದಲ್ಲಿ, ಬೇಸಿಗೆ ರಜೆಯಲ್ಲಿ ಉತ್ತರ ಸಿಕ್ಕಿದ್ದರೆ, ಖಾಲಿಯಾದ ಜಾಗಕ್ಕೆ ಜೂನ್‌ನಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು. ನೌಕರರ ಯೋಗಕ್ಷೇಮ ಎಂಬುದು ನೌಕರರಿಗೆ ಮಾಡುವ ಉಪಕಾರ ಎಂದು ನಾನು ತಿಳಿದಿದ್ದೆ. ಅದು ತಪ್ಪಿದಾಗ ಅದರ ಬೆಲೆ ಕಟ್ಟುವವರು ಬೆಂಚಿನ ಮೇಲೆ ಕೂತ ಮಕ್ಕಳು ಎಂದು ನನ್ನ ಗೆಳೆಯನನ್ನು ನೋಡಿ ಅರ್ಥವಾಗಬೇಕಿತ್ತು. ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಕಾಲದಲ್ಲಿ ಸೆಪ್ಟೆಂಬರ್ 5ಕ್ಕೆ ಮುಂಚೆ ಶಿಕ್ಷಕರ ದಿನಾಚರಣೆಯ ಪುಟ್ಟ ಬಾವುಟ ಮಾರುತ್ತಿದ್ದರು. ಆ ಹಣ ಶಿಕ್ಷಕರ ಕಲ್ಯಾಣ ನಿಧಿಗೆ ಎಂದು ಹೇಳುತ್ತಿದ್ದರು. 1962ರಲ್ಲಿ ಶಿಕ್ಷಕರ ದಿನಾಚರಣೆ ಆರಂಭವಾದ ವರ್ಷವೇ ಶಿಕ್ಷಕರ ಕಲ್ಯಾಣಕ್ಕೆ ರಾಷ್ಟ್ರೀಯ ಪ್ರತಿಷ್ಠಾನವೊಂದು ಸ್ಥಾಪನೆಯಾಗಿತ್ತು ಎಂದು ಈಚೆಗೆ ಓದಿ ತಿಳಿದೆ. ನಾವು ಬಾವುಟವನ್ನು ಅಂಗಿಗೆ ಚುಚ್ಚಿಕೊಂಡು, ಮೇಷ್ಟ್ರಿಗೆ ನಾವೇ ದುಡ್ಡು ಕೊಟ್ಟೆವೆಂದು ಜಂಬ ಪಡುತ್ತಿದ್ದೆವು. ಆ ಜಂಬವನ್ನು ಈಗ ನಿಜ ಮಾಡಬಹುದು. ಹಿರಿಯ ವಿದ್ಯಾರ್ಥಿಗಳ ಸಂಘ ಈ ಮಹೋತ್ಸವದಲ್ಲಿ ಕಮಾನು ಕಟ್ಟಿಸುವ ಬದಲು ಮೂರು ಕೆಲಸ ಮಾಡಲಿ ಎಂದು ನನ್ನ ವಿನಂತಿ. ಶಿಕ್ಷಕಿಯರಿಗೆ ನೀರಿರುವ ಶೌಚಾಲಯ ಮತ್ತು ಒಂದು ವಿಶ್ರಾಂತಿ ಕೊಠಡಿ. ದೂರದಿಂದ ಬರುವ ಶಿಕ್ಷಕರು ಊರಿನಲ್ಲೇ ಉಳಿಯಲು ಕಡಿಮೆ ಬಾಡಿಗೆಯ ಎರಡು ಮನೆ. ಅತಿಥಿ ಶಿಕ್ಷಕರಿಗೆ ಗೌರವಧನ ತಡವಾದ ತಿಂಗಳು ಕೈಗಡವಾಗಿ ಕೊಡಲು ಒಂದು ಸಣ್ಣ ನಿಧಿ. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರವೇ ಮಾಡಬೇಕು, ಅದನ್ನು ಕೇಳುವುದನ್ನೂ ಬಿಡಬಾರದು. ಊರು ಮಾಡಬಹುದಾದ್ದು ಇಷ್ಟಾದರೂ ಇದೆ.

ಮೇಷ್ಟ್ರು ಮಹೋತ್ಸವಕ್ಕೆ ಬರಲು ಒಪ್ಪಿದ್ದಾರೆ. ಈ ವಿಷಯವನ್ನು ನನ್ನ ಗೆಳೆಯನಿಗೆ ಹೇಳಿದೆ. ಅವನು ಈಗ ಊರಿನ ಸರ್ಕಲ್ಲಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮಗಳು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ ಓದುತ್ತಿದ್ದಾಳೆ, ಗಣಿತ ಹೇಳುವವರು ಅತಿಥಿ ಶಿಕ್ಷಕರು. ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ, ‘ಬಸ್ ಸ್ಟ್ಯಾಂಡಿಂದ ಸಾರ್‌ನ ನಾನೇ ಕರ್ಕೊಂಡು ಬರ್ತೀನಿ ಬಿಡು’ ಎಂದ.